ಸಂತರ ಹಬ್ಬ: ಮರಣದ ದಿನವೇ ಜನ್ಮದಿನ

ಔರಾದ ಸೀಮೆಯ ರೈತರಿಗೆ ಜೂನ್ 13 ಎಂದರೆ ಮೃಗಶಿರಾ ಮಳೆಯ ಕಾಲ. ಮುಗಿಲು ನೋಡುತ್ತ ಹೆಸರು, ಉದ್ದು, ತೊಗರಿ, ಸೋಯಾ ಬಿತ್ತನೆಗೆ ಅಣಿಯಾಗುವ ಹೊತ್ತು. ಕ್ಯಾಥೊಲಿಕ್ ಪಂಚಾಂಗದಲ್ಲಿ ಅದೇ ದಿನ ಪಾದುವಾದ ಸಂತ ಅಂತೋಣಿಯವರ ಹಬ್ಬ. ಅದು ಅವರು ಹುಟ್ಟಿದ ದಿನವಲ್ಲ, 1231ರಲ್ಲಿ ತೀರಿಕೊಂಡ ದಿನ. ರೋಮನ್ ಪ್ರಭುತ್ವ ಕೊಂದ ತಮ್ಮವರ ಸಮಾಧಿಯ ಬಳಿ ಆದಿ ಕ್ರೈಸ್ತರು ವರ್ಷಕ್ಕೊಮ್ಮೆ ಕೂಡುತ್ತಿದ್ದರು. ಸತ್ತ ದಿನವನ್ನೇ ಸ್ವರ್ಗದ ಜನ್ಮದಿನ ಎನ್ನುತ್ತಿದ್ದರು. ಸಂತರ ಹಬ್ಬಗಳ ಬೇರು ಅಲ್ಲಿದೆ.

ಬೀದರ ಜಿಲ್ಲೆಯ ಕೇಳುಗರಿಗೆ ಈ ಭಾವನೆ ಹೊಸದೇನಲ್ಲ. ಉರುಸ್ ಎಂಬ ಮಾತಿಗೆ ಮದುವೆ ಎಂದೇ ಅರ್ಥ. ಆದರೆ ಅದು ಸೂಫಿಯ ಮರಣದ ದಿನ, ಆತ್ಮ ದೇವರನ್ನು ಕೂಡಿದ ದಿನ. ಶರಣರು ಲಿಂಗೈಕ್ಯರಾದರು ಎನ್ನುವಾಗಲೂ ಅದೇ ನಂಬಿಕೆ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ್ ವಲಿಯ ಉರುಸ್ ನಡೆಯುವುದು ಹಿಂದೂ ಪಂಚಾಂಗದಂತೆ, ಹೋಳಿಯ ಆಸುಪಾಸಿನಲ್ಲಿ. ಅದಕ್ಕೆ ಆಳಂದ ತಾಲೂಕಿನ ಮಾಡಿಯಾಳದಿಂದ ಜಂಗಮರು ಬರುತ್ತಾರೆ.

ಈ ಜಿಲ್ಲೆಯ ಕ್ರೈಸ್ತರಲ್ಲಿ ಮೆಥೊಡಿಸ್ಟರೇ ಹೆಚ್ಚು. ಸಂತರ ಮೂಲಕ ಬೇಡಿಕೊಳ್ಳುವ ರೂಢಿ ಅವರಲ್ಲಿಲ್ಲ. ಕ್ಯಾಥೊಲಿಕರು ಕಡಿಮೆ. ಅವರು 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರಿದವರು. ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಗೌರವ ಎಂಬುದು ಅವರ ಧರ್ಮಸಭೆಯ ಬೋಧನೆ. ಮನೆಯ ಹಿರಿಯರನ್ನು ‘ನಮಗಾಗಿ ಒಂದು ಮಾತು ಹೇಳಿ’ ಎಂದು ಕೇಳಿದ ಹಾಗೆ ಸಂತರನ್ನು ಕೇಳುವುದು. ಜಾತ್ರೆಯ ಗದ್ದಲದಲ್ಲಿ ಈ ವ್ಯತ್ಯಾಸ ಮಸುಕಾಗುವುದುಂಟು, ಅದನ್ನು ಮುಚ್ಚಿಡಬೇಕಾಗಿಲ್ಲ.

ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಬಳಿಯ ದೋರ್ನಹಳ್ಳಿ ಕರ್ನಾಟಕದಲ್ಲಿ ಅಂತೋಣಿಯವರ ದೊಡ್ಡ ಕ್ಷೇತ್ರ. ಹೊಲ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಸಂತರ ಪ್ರತಿಮೆ ಸಿಕ್ಕಿತೆಂಬುದು ಅಲ್ಲಿನ ಐತಿಹ್ಯ. ಜೂನ್ 13ರಂದು ಅಲ್ಲಿ ಸೇರುವವರಲ್ಲಿ ಕ್ರೈಸ್ತರಲ್ಲದವರೂ ಇದ್ದಾರೆ. ಕಳೆದ ವಸ್ತು ಸಿಗಲಿ, ರೋಗ ವಾಸಿಯಾಗಲಿ ಎಂದು ಹರಕೆ ಹೊರುತ್ತಾರೆ. ಆದರೆ ಈ ಸಂತರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಹಂಚುವ ಪದ್ಧತಿಯೂ ಲೋಕದಲ್ಲಿ ಹಲವೆಡೆ ಇದೆ. ಬೇಡುವುದು ಎಲ್ಲರಿಗೂ ನೆನಪಿರುತ್ತದೆ, ಹಂಚುವುದು ಅಷ್ಟಾಗಿ ಇರುವುದಿಲ್ಲ.

ಕಾರ್ಕಳದ ಅತ್ತೂರಿನಲ್ಲಿ ಜನವರಿಯಲ್ಲಿ ಜಾತ್ರೆ ನಡೆಯುವ ಸಂತ ಲಾರೆನ್ಸರ ಕಥೆ ಇನ್ನೂ ನೇರ. ಅವರು 258ರಲ್ಲಿ ರೋಮಿನಲ್ಲಿ ಹತರಾದರು. ಪಂಚಾಂಗದಲ್ಲಿ ಅವರ ದಿನ ಆಗಸ್ಟ್ 10. ಧರ್ಮಸಭೆಯ ಸಂಪತ್ತನ್ನು ಒಪ್ಪಿಸು ಎಂದು ಅಧಿಕಾರಿ ಕೇಳಿದಾಗ ಅವರು ಊರಿನ ಬಡವರನ್ನೂ ಅಂಗವಿಕಲರನ್ನೂ ಕರೆತಂದು, ಸಂಪತ್ತು ಇದೇ ಎಂದರಂತೆ.

ಬಿತ್ತನೆಯ ಹಂಗಾಮು ಬಿಟ್ಟು ಔರಾದದಿಂದ ದೋರ್ನಹಳ್ಳಿಗೆ ಹೋಗುವುದು ಸುಲಭವಲ್ಲ. ಊರಿಗೊಂದೋ ಎರಡೋ ಮನೆಯಿರುವ ಕಡೆ ತೇರೂ ಇಲ್ಲ, ಬ್ಯಾಂಡೂ ಇಲ್ಲ. ಆದರೆ ಜ್ಞಾನಸ್ನಾನದಲ್ಲಿ ಅಂತೋಣಿ ಎಂದು ಹೆಸರಿಟ್ಟ ಮಗನಿಗೆ ಆ ಹೆಸರಿನವರು ಯಾರು, ಹೇಗೆ ಬಾಳಿದರು ಎಂದು ಅಂದು ರಾತ್ರಿ ಹೇಳಬಹುದು. ಹೇಳುವ ಮುಂಚೆ ನಾಲ್ಕು ಜೋಳದ ರೊಟ್ಟಿಗಳನ್ನು ಆ ಹುಡುಗನ ಕೈಯಲ್ಲೇ ಇಲ್ಲದವರ ಮನೆಗೆ ಕಳಿಸಬಹುದು.