ಯಾರಿಗೆ ಹೋಲಿಸಿದರೆ?



ಬೆಂಗಳೂರಿನ ಕೊಳೆಗೇರಿಗಳ 744 ಯುವ ವಿವಾಹಿತೆಯರ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ, ಹೊಡೆತ ತಿಂದವರಿಗೂ ತಿನ್ನದವರಿಗೂ ಇರುವ ಅನುಪಾತ 1.8 ಪಟ್ಟು ಎಂದಿತು. ಯಾರಿಗೆ ಹೋಲಿಸಿದರೆ? ಕೆಲಸವಿಲ್ಲದೆಯೇ ಉಳಿದವರಿಗೆ.

ಲಾಜಿಸ್ಟಿಕ್ ರಿಗ್ರೆಶನ್ ಲೆಕ್ಕದಲ್ಲಿ ಈ ಹೋಲಿಕೆಯ ಗುಂಪಿಗೆ 1 ಎಂದಿಡುತ್ತಾರೆ. ಒಂದೆಂದರೆ ಸೊನ್ನೆಯಲ್ಲ, ಆ ಮನೆಗಳಲ್ಲೂ ಹೊಡೆತವಿದೆ. ಗುಂಪುಗಳನ್ನು ಅದಲುಬದಲು ಮಾಡಿದರೆ ಕೆಲಸವಿಲ್ಲದವರದು 0.56 ಆಗುತ್ತದೆ. ಸಂಗತಿ ಅದೇ, ಆದರೆ ಉಪದೇಶ ಹುಟ್ಟುತ್ತದೆ: 'ಮನೆಯಲ್ಲೇ ಇರಮ್ಮ, ಅದೇ ಕ್ಷೇಮ.'

ಅದೇ ಅಧ್ಯಯನದಲ್ಲಿ, ಗಂಡನ ಕೆಲಸಕ್ಕೆ ಹೊಸದಾಗಿ ಕುತ್ತು ಬಂದ ಮನೆಗಳಲ್ಲಿ, ಸ್ಥಿರ ಕೆಲಸ ಉಳಿದ ಮನೆಗಳಿಗೆ ಹೋಲಿಸಿದರೆ ಅನುಪಾತ 1.7 ಪಟ್ಟು. ಅವಳು ದುಡಿದರೂ ಪೆಟ್ಟು, ಅವನ ದುಡಿಮೆ ನಿಂತರೂ ಪೆಟ್ಟು. ಅಂಕಿ ತೋರಿಸಿ ಹೆಣ್ಣುಮಕ್ಕಳ ಕೆಲಸ ಬಿಡಿಸಲು ಬಂದವರನ್ನು ಮೊದಲು ಕೇಳಿ: ಯಾರಿಗೆ ಹೋಲಿಸಿದರೆ? ಆಮೇಲೆ ಕೇಳಿ: ಹೊಡೆದವರು ಯಾರು?