ಮಾರಾಟವಾಗದ ಸೈಟು, ತೀರದ ಸಾಲ: ರಾಮನಗರ ಸೀಮೆಯಲ್ಲಿ ಮನೆ ಮಾರುಕಟ್ಟೆಯ ಹಿಂಜರಿತ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಮನೆ ಮತ್ತು ನಿವೇಶನ ಮಾರುಕಟ್ಟೆಯ ಹಿಂಜರಿತ ಮೊದಲು ಗೋಚರಿಸುವುದು ಕಾಲದಲ್ಲಿ. ಬೆಲೆಯಲ್ಲಿ ಅದು ತೀರ ತಡವಾಗಿ ಕಾಣುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಏರುಗಾಲದಲ್ಲಿ ಕೆಲವೇ ವಾರಗಳಲ್ಲಿ ಕೈ ಬದಲಾಗುವ ಸೈಟು ಇಳಿಗಾಲದಲ್ಲಿ ವರ್ಷಗಟ್ಟಲೆ ಬೇಲಿ ಕಟ್ಟಿಕೊಂಡು ಕೂರುತ್ತದೆ. ಮಾಲೀಕ ಹೇಳುವ ಬೆಲೆ ಮಾತ್ರ ಕದಲುವುದಿಲ್ಲ. ಆಗ ದಲ್ಲಾಳಿಗಳ ಬಾಯಲ್ಲಿ ಬರುವ ಮಾತು ‘ಮೂವ್‌ಮೆಂಟ್ ಇಲ್ಲ’ ಎಂಬುದು. ‘ರೇಟು ಬಿದ್ದಿದೆ’ ಎಂದು ಯಾರೂ ಹೇಳುವುದಿಲ್ಲ. ಅಮೆರಿಕದಲ್ಲಿ 2006ರಿಂದ ಮುಂದಿನ ಐದಾರು ವರ್ಷಗಳಲ್ಲಿ ಮನೆಗಳ ಬೆಲೆ ಕಾಲುಭಾಗಕ್ಕೂ ಹೆಚ್ಚು ಇಳಿದದ್ದನ್ನು ಸೂಚ್ಯಂಕಗಳು ತಿಂಗಳು ತಿಂಗಳು ದಾಖಲಿಸಿದವು. ಭಾರತದಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ 2007ರಲ್ಲಿ ‘ರೆಸಿಡೆಕ್ಸ್’ ಎಂಬ ಸೂಚ್ಯಂಕ ಆರಂಭಿಸಿತು. ಅದರಲ್ಲಿ ಬೆಂಗಳೂರು ಇದೆ, ಮಾಗಡಿ ಇಲ್ಲ, ಕನಕಪುರವೂ ಇಲ್ಲ. ಹೀಗಾಗಿ ಇಲ್ಲಿ ಸಾಲ ಕೊಡುವ ಸಂಸ್ಥೆಗಳಿಗೆ ಇಳಿಗಾಲದ ಸುದ್ದಿ ಬರುವುದು ಉಪನೋಂದಣಾಧಿಕಾರಿ ಕಚೇರಿಯ ಖಾಲಿ ಬೆಂಚುಗಳಿಂದ, ತಡವಾಗುವ ಕಂತುಗಳಿಂದ.

ಅಡಮಾನ ಈ ಸೀಮೆಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಭೂ ಅಡಮಾನ ಬ್ಯಾಂಕ್ ಆರಂಭವಾದದ್ದು 1929ರಲ್ಲಿ, ಜಗತ್ತಿನ ಮಹಾ ಆರ್ಥಿಕ ಕುಸಿತ ಶುರುವಾದ ವರ್ಷವೇ. ತಾಲ್ಲೂಕುಗಳಲ್ಲಿ ಪಿಎಲ್‌ಡಿ ಬ್ಯಾಂಕ್ ಎಂದು ಹಳಬರು ಕರೆಯುವ ಸಹಕಾರಿ ಬ್ಯಾಂಕುಗಳು ಅದೇ ಪರಂಪರೆಯವು. ಬಾವಿ ತೋಡಲು, ಪಂಪ್‌ಸೆಟ್ ಕೂರಿಸಲು ಅವು ಜಮೀನಿನ ಮೇಲೆ ಸಾಲ ಕೊಟ್ಟವು. ಜಮೀನಿನ ಬೆಳೆಯಿಂದ ಸಾಲ ತೀರಬೇಕು ಎಂಬುದು ಆ ಲೆಕ್ಕ. ಜಮೀನು ಮಾರಿದರೆ ಸಾಲ ತೀರುತ್ತದೆ ಎಂಬ ಲೆಕ್ಕ ಬಂದದ್ದು ಬೆಂಗಳೂರು ಹತ್ತಿರವಾದ ಮೇಲೆ. ಸರಿಯಾಗಿ ನೋಡಿದರೆ, ಈ ಭಾಗದ ಹಿಂಜರಿತಗಳಲ್ಲಿ ಹೆಚ್ಚಿನವು ಆ ಎರಡನೆಯ ಲೆಕ್ಕ ತಪ್ಪಿದಾಗ ಆದವು.

ನಾಲ್ಕೂ ತಾಲ್ಲೂಕುಗಳಲ್ಲಿ ಮನೆಗಿಂತ ಸೈಟಿನ ವ್ಯಾಪಾರ ದೊಡ್ಡದು, ಮತ್ತು ಸೈಟುಗಳೆಲ್ಲ ಒಂದೇ ಜಾತಿಯವಲ್ಲ. ಭೂಪರಿವರ್ತನೆಯಾಗಿ, ಯೋಜನಾ ಪ್ರಾಧಿಕಾರದಿಂದ ವಿನ್ಯಾಸ ಮಂಜೂರಾಗಿ, ರಸ್ತೆ ಚರಂಡಿ ಮುಗಿದಂತೆ ಹಂತಹಂತವಾಗಿ ಬಿಡುಗಡೆಯಾದ ಸೈಟು ಒಂದು ಬಗೆ. ಪಹಣಿಯಲ್ಲಿ ಇನ್ನೂ ಕೃಷಿ ಜಮೀನಾಗಿಯೇ ಇರುವುದನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ ರೆವಿನ್ಯೂ ಸೈಟು ಇನ್ನೊಂದು. ಗ್ರಾಮ ಪಂಚಾಯಿತಿ ಆಸ್ತಿಗಳಿಗೆ ಇ-ಸ್ವತ್ತು ಎಂಬ ಆನ್‌ಲೈನ್ ದಾಖಲೆ ಬಂದ ಮೇಲೆ ಈ ಅಂತರ ಕಾಗದದಲ್ಲೇ ಕಾಣತೊಡಗಿತು. ನಮೂನೆ 9 ಮತ್ತು 11ಎ ಇದ್ದ ಆಸ್ತಿಗೆ ಬ್ಯಾಂಕಿನ ಬಾಗಿಲು ತೆರೆಯುತ್ತದೆ. 11ಬಿ ತೆರಿಗೆ ಕಟ್ಟುವುದಕ್ಕೆ ಸಾಕು; ಅಡಮಾನಕ್ಕೆ ಅದನ್ನು ಒಪ್ಪುವ ಬ್ಯಾಂಕ್ ವಿರಳ.

ಇದರಲ್ಲಿ ಬ್ಯಾಂಕಿನ ಮಡಿವಂತಿಕೆ ಏನೂ ಇಲ್ಲ. 2002ರ ಸರ್ಫೇಸಿ ಕಾಯ್ದೆ ನ್ಯಾಯಾಲಯಕ್ಕೆ ಹೋಗದೆಯೇ ಅಡಮಾನದ ಆಸ್ತಿಯನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟಿತು. ಆದರೆ ಅದರ 31ನೇ ಕಲಮು ಕೃಷಿ ಜಮೀನನ್ನು ಹೊರಗಿಟ್ಟಿದೆ. ದಾಖಲೆಯಲ್ಲಿ ಕೃಷಿ ಎಂದಿದ್ದರೂ ನಿಜವಾಗಿ ಹೇಗೆ ಬಳಸಲಾಗುತ್ತಿದೆ ಎಂಬುದು ಮುಖ್ಯ ಎಂದು ಸುಪ್ರೀಂ ಕೋರ್ಟ್ ಹೇಳಿದೆ ನಿಜ. ಆದರೂ ಆ ವಾದವನ್ನು ಗೆಲ್ಲಲು ವರ್ಷಗಳು ಬೇಕು ಎಂಬುದು ಸಾಲ ಮಂಜೂರು ಮಾಡುವವರಿಗೆ ಗೊತ್ತಿರುತ್ತದೆ. ಇದರ ಜೊತೆಗೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟವೇ ಅಸಿಂಧು, ಮತ್ತು 2023ರ ತಿದ್ದುಪಡಿಯ ಪ್ರಕಾರ ಅದನ್ನು ಪ್ರಶ್ನಿಸಲು ಕಾಲಮಿತಿ ಇಲ್ಲ. ಆದ್ದರಿಂದ ಬ್ಯಾಂಕಿನ ಪ್ಯಾನಲ್ ವಕೀಲರು ಋಣಭಾರ ಪತ್ರ (ಇಸಿ) ನೋಡಿ ಸುಮ್ಮನಾಗದೆ ಮೂಲ ಮಂಜೂರಾತಿ ಪತ್ರ ಕೇಳುತ್ತಾರೆ. ಈ ಹಠ ಏರುಗಾಲದಲ್ಲಿ ಎಲ್ಲರಿಗೂ ಕಿರಿಕಿರಿ.

ಕಾಗದ ಸರಿ ಇಲ್ಲದ ಸೈಟಿಗೂ ಹಣ ಬೇಕಲ್ಲ. ಅದು ಬರುವುದು ಚೀಟಿಯಿಂದ, ಚಿನ್ನದ ಸಾಲದಿಂದ, ಕೈಸಾಲದಿಂದ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಎಂದರೆ ಕೇಳಲು ಸಣ್ಣದು; ವರ್ಷಕ್ಕೆ ಅದು ಶೇ 24. ಹತ್ತು ಲಕ್ಷ ರೂಪಾಯಿ ಕೈಸಾಲ ತಂದು ಕೊಂಡ ಸೈಟು ಮೂರು ವರ್ಷ ಮಾರಾಟವಾಗದೆ ಉಳಿದರೆ ಬಡ್ಡಿಯೇ 7 ಲಕ್ಷ 20 ಸಾವಿರ. ಸೈಟಿನ ಬೆಲೆ ಒಂದು ರೂಪಾಯಿಯೂ ಇಳಿದಿರುವುದಿಲ್ಲ, ಕೊಂಡವನು ಮಾತ್ರ ಮುಳುಗಿರುತ್ತಾನೆ. ಆ ನಷ್ಟ ಯಾವ ಬ್ಯಾಂಕಿನ ಕೆಟ್ಟ ಸಾಲಗಳ ಎನ್‌ಪಿಎ ಪಟ್ಟಿಯಲ್ಲೂ ಸೇರುವುದಿಲ್ಲ. ಈ ಸೀಮೆಯ ಇಳಿಗಾಲ ಅಂಕಿಅಂಶಗಳಲ್ಲಿ ಸೌಮ್ಯವಾಗಿ ಕಾಣುವುದಕ್ಕೆ ಇದು ದೊಡ್ಡ ಕಾರಣ.

ಮೊದಲ ದೊಡ್ಡ ಏರಿಳಿತ ರಾಮನಗರ ತಾಲ್ಲೂಕಿನ ಬಿಡದಿಯದು. ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ಹೆದ್ದಾರಿಯ ತಂಗುದಾಣವಾಗಿದ್ದ ಬಿಡದಿ ಪಟ್ಟಣವಾಯಿತು. 2006ರಲ್ಲಿ ಎಚ್.ಡಿ. ಕುಮಾರಸ್ವಾಮಿ ಸರ್ಕಾರ ಬೆಂಗಳೂರಿನ ಸುತ್ತ ಐದು ಉಪನಗರಗಳನ್ನು ಘೋಷಿಸಿತು: ಬಿಡದಿ, ರಾಮನಗರ, ಸೋಲೂರು, ಸಾತನೂರು, ನಂದಗುಡಿ. ನಂದಗುಡಿಯೊಂದನ್ನು ಬಿಟ್ಟರೆ ಉಳಿದವು ಈ ನಾಲ್ಕು ತಾಲ್ಲೂಕುಗಳಲ್ಲೇ ಇದ್ದವು. 2007ರ ಆಗಸ್ಟ್‌ನಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯೂ ಆಯಿತು. ಬಿಡದಿ ಉಪನಗರಕ್ಕೆ ಒಂಬತ್ತು ಸಾವಿರ ಎಕರೆಗೂ ಹೆಚ್ಚು ಭೂಮಿ ಗುರುತಾಗಿ, ಡಿಎಲ್‌ಎಫ್ ಮತ್ತು ದುಬೈನ ಲಿಮಿಟ್‌ಲೆಸ್ ಕಂಪನಿಗಳ ಜಂಟಿ ಸಂಸ್ಥೆಗೆ ಯೋಜನೆ ದೊರೆಯಿತು. ನಕ್ಷೆಯ ಒಳಗಿನ ಜಮೀನು ಸ್ತಬ್ಧವಾಯಿತು, ಹೊರಗಿನದು ಕುಣಿಯತೊಡಗಿತು. ಇನ್ನೂ ಒಂದು ಮನೆಯೂ ಇಲ್ಲದ ಊರಿನ ಪಕ್ಕದ ಸೈಟು ಎಂದು ಮಾರಾಟ ನಡೆಯಿತು.

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ಬಿದ್ದಾಗ ಭಾರತದಲ್ಲಿ ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) ಶೇ 9 ಇತ್ತು. ಆಮೇಲಿನ ಮುಗ್ಗಟ್ಟಿನಲ್ಲಿ ಡಿಎಲ್‌ಎಫ್ ಬಿಡದಿಯಿಂದ ಹಿಂದೆ ಸರಿಯಿತು. 2009ರ ನವೆಂಬರ್‌ನಲ್ಲಿ ಲಿಮಿಟ್‌ಲೆಸ್‌ನ ಮಾತೃಸಂಸ್ಥೆ ದುಬೈ ವರ್ಲ್ಡ್ ಸಾಲ ತೀರಿಸಲು ಕಾಲಾವಕಾಶ ಕೇಳಿತು. ಬೈರಮಂಗಲ ಕೆರೆಯ ಆಸುಪಾಸಿನ ರೈತನ ಜಮೀನಿನ ಬೆಲೆ ದುಬೈನ ಸಾಲದ ಪುಸ್ತಕಕ್ಕೆ ತಳುಕು ಹಾಕಿಕೊಂಡದ್ದು ಹೀಗೆ. ರಿಸರ್ವ್ ಬ್ಯಾಂಕ್ 2009ರ ಏಪ್ರಿಲ್ ವೇಳೆಗೆ ರೆಪೊವನ್ನು ಶೇ 4.75ಕ್ಕೆ ಇಳಿಸಿತು, ಬ್ಯಾಂಕುಗಳು ಮೊದಲ ವರ್ಷಕ್ಕೆ ಶೇ 8ರಂಥ ಆಕರ್ಷಕ ಬಡ್ಡಿಯ ಗೃಹಸಾಲ ತಂದವು. ಬೆಂಗಳೂರಿನ ಫ್ಲ್ಯಾಟುಗಳಿಗೆ ಅದರಿಂದ ಚೇತರಿಕೆ ಬಂತು. ಉಪನಗರದ ನಕ್ಷೆಯೊಳಗೆ ಸಿಕ್ಕಿಕೊಂಡ ಜಮೀನಿಗೆ ಬಡ್ಡಿ ಎಷ್ಟು ಇಳಿದರೂ ಪ್ರಯೋಜನವಿರಲಿಲ್ಲ. ಅಲ್ಲಿ ಪರಿವರ್ತನೆ ಇಲ್ಲ, ಆದ್ದರಿಂದ ಸಾಲವೂ ಇಲ್ಲ. ಸುಮಾರು ಒಂದೂವರೆ ದಶಕ ಆ ಹಳ್ಳಿಗಳು ಹಾಗೆಯೇ ಉಳಿದವು. 2025ರಲ್ಲಿ ಯೋಜನೆಗೆ ಮತ್ತೆ ಜೀವ ಬಂದಾಗ ಬೈರಮಂಗಲ, ಕಂಚುಗಾರನಹಳ್ಳಿ ಮೊದಲಾದ ಒಂಬತ್ತು ಹಳ್ಳಿಗಳ ಭೂಸ್ವಾಧೀನಕ್ಕೆ ಅಧಿಸೂಚನೆ ಹೊರಟಿತು, ರೈತರ ಧರಣಿಯೂ ಶುರುವಾಯಿತು.

ಅದೇ 2009ರಲ್ಲಿ ರಾಮನಗರ ಪಟ್ಟಣ ಇನ್ನೊಂದು ಬಗೆಯ ಸಾಲದ ಕುಸಿತ ಕಂಡಿತು. ರೇಷ್ಮೆ ಬಿಚ್ಚುವ ಕುಟುಂಬಗಳ ಹೆಂಗಸರಿಗೆ ಒಂದಕ್ಕಿಂತ ಹೆಚ್ಚು ಮೈಕ್ರೊಫೈನಾನ್ಸ್ ಸಂಸ್ಥೆಗಳು ಏಕಕಾಲಕ್ಕೆ ಸಾಲ ಕೊಟ್ಟಿದ್ದವು. ಕೋಲಾರ, ಶಿಡ್ಲಘಟ್ಟಗಳಂತೆ ಇಲ್ಲೂ ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿಗಳು ಮರುಪಾವತಿ ನಿಲ್ಲಿಸಲು ಹೇಳಿದವು, ವಸೂಲಿ ನಿಂತುಹೋಯಿತು. ವಿದೇಶಿ ಪತ್ರಿಕೆಗಳೂ ಅದನ್ನು ಬರೆದವು. ಗೃಹಸಾಲಕ್ಕೂ ಇದಕ್ಕೂ ನೇರ ನಂಟಿಲ್ಲ ಎನಿಸಬಹುದು. ಆದರೆ ಆ ಸಾಲಗಳಲ್ಲಿ ಎಷ್ಟೋ ಹಣ ಕಸುಬಿಗಲ್ಲದೆ ಮನೆಯ ಖರ್ಚಿಗೆ, ಹಳೆಯ ಸಾಲದ ಕಂತಿಗೆ ಹೋಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಒಂದೇ ಮನೆಯ ಆದಾಯಕ್ಕೆ ಸಾಲ ಕೊಟ್ಟವರು ಎಷ್ಟು ಜನ ಕೈಚಾಚಿದ್ದಾರೆ ಎಂಬ ಪ್ರಶ್ನೆ ಗೃಹಸಾಲಕ್ಕೂ ಅಷ್ಟೇ ಮುಖ್ಯ.

ಆ ಆದಾಯವೇ ಇಲ್ಲಿ ಅಲುಗಾಡುವಂಥದ್ದು. ಏಷ್ಯಾದ ಅತಿ ದೊಡ್ಡದೆಂದು ಹೆಸರಾದ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯ ದರ ಬೆಳೆಗಾರನ ಮನೆಯ ಕಂತನ್ನು ನಿರ್ಧರಿಸುತ್ತದೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದ ಮೇಲೆ ಗೂಡಿನ ಬೆಲೆ ಬಿತ್ತು. ಮಾವು ಕೈಕೊಟ್ಟ ವರ್ಷವೂ ಹಾಗೆಯೇ. ಸಂಬಳದವರಿಗಾಗಿ ಮಾಡಿದ ಮಾಸಿಕ ಕಂತಿನ ಪದ್ಧತಿಯನ್ನು, ಬೆಳೆಗೊಮ್ಮೆ ಹಣ ನೋಡುವ ಮನೆಗೆ ಹಾಗೆಯೇ ತೊಡಿಸುವುದು ಸಾಲ ಕೊಡುವ ವೃತ್ತಿಯ ಹಳೆಯ ದೋಷ. ತ್ರೈಮಾಸಿಕ ಕಂತು ಅಸಾಧ್ಯವೇನಲ್ಲ, ಅದನ್ನು ಬಳಸುವವರು ಕಡಿಮೆ.

ಮುಂದಿನ ಪೆಟ್ಟುಗಳು ಬೇಗ ಬೇಗ ಬಂದವು. 2016ರ ನವೆಂಬರ್ 8ರ ನೋಟು ರದ್ದತಿ ಅಡ್ವಾನ್ಸ್ ನಗದಿನಲ್ಲೇ ನಡೆಯುತ್ತಿದ್ದ ಸೈಟು ವ್ಯಾಪಾರವನ್ನು ಒಂದೇ ರಾತ್ರಿಯಲ್ಲಿ ನಿಲ್ಲಿಸಿತು. 2017ರಲ್ಲಿ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಜಾರಿಗೆ ಬಂದು, 500 ಚದರ ಮೀಟರ್ ಮೀರಿದ ಬಡಾವಣೆಗಳು ನೋಂದಣಿ ಮಾಡಿಸಬೇಕಾಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದವು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವಂತಾಗಿ, ಕನಕಪುರ ಮತ್ತು ಮಾಗಡಿ ಕಡೆ ಫಾರ್ಮ್ ಪ್ಲಾಟುಗಳ ಜಾಹೀರಾತು ಎದ್ದವು. 2021ರ ಜನವರಿಯಲ್ಲಿ ಮೆಟ್ರೊ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಬಂದದ್ದೂ ಆ ಉತ್ಸಾಹಕ್ಕೆ ಸೇರಿತು. ಈ ಫಾರ್ಮ್ ಪ್ಲಾಟುಗಳಿಗೆ ಗೃಹಸಾಲ ಸಿಗುವುದಿಲ್ಲ. ಕೊಂಡವರು ಮಾರಬೇಕೆಂದಾಗ ಕೈಯಲ್ಲಿ ಪೂರ್ತಿ ಹಣ ಇರುವವರನ್ನೇ ಹುಡುಕಬೇಕು, ಇಳಿಗಾಲದಲ್ಲಿ ಅಂಥವರು ಮರೆಯಾಗುತ್ತಾರೆ.

ಬಡ್ಡಿಯ ಪೆಟ್ಟು 2022ರದು. ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ಶೇ 4ರಿಂದ ಶೇ 6.5ಕ್ಕೆ ಏರಿತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಗೃಹಸಾಲಗಳು ರೆಪೊದಂಥ ಬಾಹ್ಯ ಮಾನದಂಡಕ್ಕೆ ಜೋಡಣೆಯಾಗಿದ್ದರಿಂದ ಏರಿಕೆ ತಕ್ಷಣ ಸಾಲಗಾರನಿಗೆ ತಟ್ಟಿತು. ಶೇ 6.9ರ ಬಡ್ಡಿಯಲ್ಲಿ 20 ವರ್ಷಕ್ಕೆ 20 ಲಕ್ಷ ಪಡೆದವನ ಕಂತು ಸುಮಾರು 15,400 ರೂಪಾಯಿ. ದರ ಶೇ 9.4 ಆದಾಗ ಮೊದಲ ತಿಂಗಳ ಬಡ್ಡಿಯೇ ಸುಮಾರು 15,670. ಕಂತು ಏರಿಸದೆ ಅವಧಿ ಬೆಳೆಸಿದ ಕಡೆ, ಹೊಸ ಸಾಲಗಾರ ಪ್ರತಿ ತಿಂಗಳು ತಪ್ಪದೆ ಕಟ್ಟಿದರೂ ಅಸಲು ಬೆಳೆಯುವ ಸ್ಥಿತಿ. ಕಂತು ಏರಿಸಿದರೆ ತಿಂಗಳಿಗೆ ಮೂರು ಸಾವಿರಕ್ಕೂ ಹೆಚ್ಚು ಹೊರೆ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ಆಯ್ಕೆಗಳನ್ನು ಸಾಲಗಾರನ ಮುಂದಿಡಬೇಕು, ಅಸಲು ಹೀಗೆ ಬೆಳೆಯಬಾರದು ಎಂದು ಸೂಚಿಸಿತು. 2025ರಲ್ಲಿ ದರ ಇಳಿಯತೊಡಗಿತು.

ಚನ್ನಪಟ್ಟಣದ ಕುಸಿತಕ್ಕೆ ಬಡ್ಡಿಯೂ ಕಾರಣವಲ್ಲ, ಕಾಗದವೂ ಅಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಗುವ ಹೊತ್ತಿಗೆ ವಾಹನಗಳು ಬೈಪಾಸ್ ಹಿಡಿದಿದ್ದವು. ಹಳೆಯ ಹೆದ್ದಾರಿಯ ಬೊಂಬೆ ಅಂಗಡಿಗಳು, ಹೋಟೆಲುಗಳು ಗಿರಾಕಿ ಕಳೆದುಕೊಂಡವು. ರಸ್ತೆಗೆ ಮುಖ ಮಾಡಿದ ಕಟ್ಟಡದ ಬಾಡಿಗೆ ನಂಬಿ ಕೊಟ್ಟ ಸಾಲಕ್ಕೆ ಆಧಾರ ತಪ್ಪಿದ್ದು ಇಲ್ಲಿ. ಅದೇ ರಸ್ತೆ ಸೈಟುಗಳ ಜಾಹೀರಾತಿನಲ್ಲಿ ವರವಾಯಿತು. ಹೆದ್ದಾರಿ ಬಂದರೆ ಬೆಲೆ ಏರುತ್ತದೆ ಎಂಬ ಮಾತು ಇಳಿಯುವ ದಾರಿ ಇರುವ ಕಡೆಗಷ್ಟೇ ನಿಜ.

ಇಷ್ಟಾದರೂ ಬೆಲೆ ಏಕೆ ಇಳಿಯುವುದಿಲ್ಲ? ಮಾರುವವನ ಹಠ ಒಂದು ಕಾರಣ, ನೋಂದಣಿಗೆ ಸರ್ಕಾರ ನಿಗದಿ ಮಾಡುವ ಮಾರ್ಗಸೂಚಿ ದರ ಇನ್ನೊಂದು. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ದರಗಳು ಸರಾಸರಿ ಶೇ 30ರಷ್ಟು ಏರಿದವು. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಯಿತು. ಮಾರ್ಗಸೂಚಿಗಿಂತ ಕಡಿಮೆ ಬೆಲೆಗೆ ಮಾರಿದರೆ ಮುದ್ರಾಂಕ ಕಾಯ್ದೆಯ 45ಎ ಕಲಮಿನ ಅಪಮೌಲ್ಯ ಪ್ರಕರಣ ಕಾದಿರುತ್ತದೆ. ಅಂತರ ಶೇ 10 ಮೀರಿದರೆ ಆದಾಯ ತೆರಿಗೆಯೂ ಮಾರ್ಗಸೂಚಿ ಬೆಲೆಯನ್ನೇ ಹಿಡಿಯುತ್ತದೆ. ಏರುಗಾಲದಲ್ಲಿ ಮಾರುಕಟ್ಟೆಯ ಹಿಂದೆ ಕುಂಟುವ ದರ ಇಳಿಗಾಲದಲ್ಲಿ ಅದರ ಮುಂದೆ ನಿಂತುಬಿಡುತ್ತದೆ. ಬೆಲೆ ಇಳಿಸಲು ಸಿದ್ಧನಿರುವ ಮಾರಾಟಗಾರನಿಗೂ ಇಳಿಸುವ ಹಾದಿ ಕಿರಿದು. 2022ರ ಆರಂಭದಲ್ಲಿ ಸರ್ಕಾರ ಮಾರ್ಗಸೂಚಿಯಲ್ಲಿ ತಾತ್ಕಾಲಿಕವಾಗಿ ಶೇ 10 ರಿಯಾಯಿತಿ ಕೊಟ್ಟದ್ದು ಸರಿಯಾದ ಔಷಧವೇ. ಅದು ಇಳಿಗಾಲದ ಕಾಯಂ ನಿಯಮವಾಗಿ ಉಳಿಯಲಿಲ್ಲ.

ಕಂತು ತಪ್ಪಿ 90 ದಿನ ಕಳೆದರೆ ಖಾತೆ ಎನ್‌ಪಿಎ. ಸರ್ಫೇಸಿಯಡಿ 60 ದಿನಗಳ ನೋಟಿಸು, ನಂತರ ಸಾಂಕೇತಿಕ ವಶ, ಜಿಲ್ಲಾ ಮ್ಯಾಜಿಸ್ಟ್ರೇಟರ ನೆರವಿನಿಂದ ಭೌತಿಕ ವಶ, ಆಮೇಲೆ 30 ದಿನಗಳ ನೋಟಿಸಿನ ಮೇಲೆ ಹರಾಜು. ಸಾಲಗಾರ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಬೆಂಗಳೂರಿನ ಫ್ಲ್ಯಾಟನ್ನು ಅಪರಿಚಿತರು ಹರಾಜಿನಲ್ಲಿ ಕೊಳ್ಳುತ್ತಾರೆ. ಮಾಗಡಿಯ ಬೀದಿಯೊಂದರಲ್ಲಿ ನೆರೆಯವನ ಮನೆಗೆ ಬಿಡ್ ಹಾಕಲು ಊರಿನವರು ಹಿಂದೇಟು ಹಾಕುತ್ತಾರೆ. ಬಿಡ್ ಬಾರದಿದ್ದರೆ ಮೀಸಲು ಬೆಲೆ ಇಳಿಸಿ ಮತ್ತೆ ಹರಾಜು. ಇಡೀ ಸೀಮೆಯಲ್ಲಿ ಬೆಲೆ ಇಳಿದದ್ದು ಲಿಖಿತವಾಗಿ ದಾಖಲಾಗುವುದು ಬಹುತೇಕ ಈ ಹರಾಜು ಪ್ರಕಟಣೆಗಳಲ್ಲಿ ಮಾತ್ರ. ಆದ್ದರಿಂದ ಅನುಭವಸ್ಥ ಸಾಲಾಧಿಕಾರಿಗಳು ಹರಾಜಿಗಿಂತ ಸಾಲಗಾರನೇ ಗಿರಾಕಿ ಹುಡುಕಿ ಮಾರುವುದನ್ನು ಇಷ್ಟಪಡುತ್ತಾರೆ. ಬ್ಯಾಂಕ್ ನಿರಾಕ್ಷೇಪಣಾ ಪತ್ರ ಕೊಟ್ಟು, ಕ್ರಯದ ಹಣ ನೇರವಾಗಿ ಸಾಲದ ಖಾತೆಗೆ ಬರುವಂತೆ ಮಾಡಿ, ಉಳಿದದ್ದನ್ನು ಕುಟುಂಬಕ್ಕೆ ಬಿಡುತ್ತದೆ. 11ಎ ನಮೂನೆಯ ಮನೆಗೆ ಇದು ಸಾಧ್ಯ, ಏಕೆಂದರೆ ಕೊಳ್ಳುವವನಿಗೂ ಸಾಲ ಸಿಗುತ್ತದೆ. ಕಾಗದ ಸರಿ ಇಲ್ಲದ ಸೈಟಿನ ಒಡೆಯನಿಗೆ ಆ ಗಿರಾಕಿಯೂ ಸಿಗುವುದಿಲ್ಲ. ಮುಂದಿನ ಏರುಗಾಲದವರೆಗೆ ಅವನು ಬಡ್ಡಿ ಕಟ್ಟುತ್ತಲೇ ಇರಬೇಕಾಗುತ್ತದೆ.