ಬೆಳದಿಂಗಳಿನ ಲೆಕ್ಕ

ಬನದ ಹುಣ್ಣಿವೆಯ ಇರುಳು, ನವಲಗುಂದ ಸೀಮೆಯ ತಿರ್ಲಾಪುರದ ಎರೆಹೊಲದ ಬದುವಿನ ಮೇಲೆ, ಒಂಟಿಯಾಗಿ ನಿಂತ ಬನ್ನಿಗಿಡವೊಂದರ ಎದುರು ಮುಕ್ಕಾಲಿಯ ಮೇಲೆ ಕ್ಯಾಮೆರಾವನ್ನು ನಿಲ್ಲಿಸಿ, ಶಟರನ್ನು ತೆರೆದಿಟ್ಟು, ಕೈಗಡಿಯಾರವನ್ನು ಚಂದ್ರನ ಕಡೆಗೆ ಹೊರಳಿಸಿ ನಿಮಿಷಗಳನ್ನೆಣಿಸುತ್ತ ನಿಂತಾಗ, ಬೆಳಕೆಂಬ ವಸ್ತುವನ್ನು ಹಗಲೆಲ್ಲ ನಾನು ಎಷ್ಟು ಉದಾಸೀನದಿಂದ ಬಳಸಿದ್ದೆನೆಂಬುದು ನನಗೆ ಮನವರಿಕೆಯಾಯಿತು.

ಬೆಳಕನ್ನಳೆಯುವ ಮೀಟರಿನ ಮುಳ್ಳು ಆ ಹೊತ್ತಿನಲ್ಲಿ ಮಿಸುಕುವುದಿಲ್ಲ. ಆದಕಾರಣ ಲೆಕ್ಕವನ್ನು ಸೂರ್ಯನಿಂದಲೇ ತೊಡಗಬೇಕು. ಪೂರ್ಣಚಂದ್ರನ ಪ್ರಕಾಶವು ಸೂರ್ಯಪ್ರಕಾಶದ ಸುಮಾರು 4 ಲಕ್ಷದಲ್ಲೊಂದು ಪಾಲು. ಮಧ್ಯಾಹ್ನದ ಬಿಸಿಲಿನಲ್ಲಿ 400 ವೇಗದ ಫಿಲ್ಮಿಗೆ ಎಫ್ 16ರಲ್ಲಿ ಸೆಕೆಂಡಿನ 400ನೆಯ ಒಂದು ಪಾಲು ಸಾಕೆನ್ನುವುದಾದರೆ, ಮಸೂರವನ್ನು ಎಫ್ 4ಕ್ಕೆ ತೆರೆದ ಮೇಲೂ ಬೆಳದಿಂಗಳಿಗೆ ಒಂದು ನಿಮಿಷ ಬೇಕೆಂದು ಗಣಿತವು ನುಡಿಯುತ್ತದೆ.

ಫಿಲ್ಮು ಈ ಗಣಿತಕ್ಕೆ ಒಪ್ಪುವುದಿಲ್ಲ. ವಿಯೆನ್ನಾದ ವೇಧಶಾಲೆಯಲ್ಲಿ ನಕ್ಷತ್ರಗಳ ಚಿತ್ರ ತೆಗೆಯುತ್ತಿದ್ದ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ 19ನೆಯ ಶತಮಾನದ ಕೊನೆಯಲ್ಲಿ ಇದನ್ನು ಅಳೆದು ತೋರಿಸಿದನು. ಬೆಳ್ಳಿಯ ಲವಣದ ಕಣವೊಂದು ಅಚ್ಚೊತ್ತಿಸಿಕೊಳ್ಳಬೇಕಾದರೆ ಬೆಳಕಿನ ಹಲವು ಪೆಟ್ಟುಗಳು ಒಂದರ ಬೆನ್ನಿಗೊಂದು ಬೀಳಬೇಕು. ಮಂದಪ್ರಕಾಶದಲ್ಲಿ ಎರಡನೆಯದು ಬರುವಷ್ಟರೊಳಗೆ ಮೊದಲನೆಯದರ ಗುರುತು ಅಳಿದುಹೋಗಿರುತ್ತದೆ. ಟ್ರೈ-ಎಕ್ಸ್ ಫಿಲ್ಮಿಗೆ ಕೊಡಾಕ್ ಕಂಪನಿಯವರು ಕೊಟ್ಟ ಕೋಷ್ಟಕದಲ್ಲಿ 10 ಸೆಕೆಂಡು 50 ಆಗುತ್ತದೆ, 100 ಸೆಕೆಂಡು 1200 ಆಗುತ್ತದೆ. ನಮ್ಮ ಒಂದು ನಿಮಿಷವು ಹೀಗೆ ಹತ್ತು ನಿಮಿಷಗಳಿಗೆ ಬೆಳೆಯಿತು. ಎರೆಮಣ್ಣು ಬೆಳಕನ್ನು ಕುಡಿದುಬಿಡುವ ನೆಲವಾದುದರಿಂದ ನಾನು ಅದನ್ನೂ ಇಮ್ಮಡಿಸಿ ಇಪ್ಪತ್ತು ನಿಮಿಷವೆಂದು ನಿಶ್ಚಯಿಸಿದೆನು. ನೆಗೆಟಿವಿನ ನೆರಳಿನಲ್ಲಿ ಮೂಡದೆ ಹೋದುದನ್ನು ಕತ್ತಲೆಕೋಣೆಯ ಯಾವ ಜಾಣ್ಮೆಯೂ ಮರಳಿಸಲಾರದು. ಹೆಚ್ಚಾದುದನ್ನು ಸರಿಪಡಿಸುವ ದಾರಿಯುಂಟು.

ಇದನ್ನು ಅಂದಾಜೆಂದು ಕರೆಯುತ್ತೇವೆ. ಆದರೆ ಅಂದಾಜೆಂದರೆ ಜೂಜಲ್ಲ. ಮುಗಿಲನ್ನು ನೋಡಿ ಬಿತ್ತುವ ಒಕ್ಕಲಿಗನ ಅಂದಾಜು ಎಷ್ಟು ತಲೆಮಾರುಗಳ ಲೆಕ್ಕವೋ ಇದೂ ಅಂಥದೇ. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಗ್ರಂಥದಲ್ಲಿ ಬಿಗ್ಸ್, ಪಿಗೂ, ನೀಲ್ ಎಂಬವರು ಕ್ಯಾಮೆರಾದಿಂದ ತೆಗೆದ ಚಿತ್ರಗಳಿವೆ. ಬೆಳಕನ್ನಳೆಯುವ ವಿದ್ಯುತ್ ಮೀಟರುಗಳು ಬಳಕೆಗೆ ಬಂದುದು 1930ರ ದಶಕದಲ್ಲಿಯಾದುದರಿಂದ, ನಮ್ಮ ಗುಡಿಗಳ ಕಲ್ಲಿನ ಮೇಲೆ ಬಿದ್ದ ಬಿಸಿಲನ್ನು ಅವರು ಕಣ್ಣಿನಿಂದಲೇ ತೂಗಿದರು. ಆ ಚಿತ್ರಗಳ ಮುಂದೆ ನನಗೆ ಪ್ರತಿ ಸಲವೂ ಗೌರವ ಮೂಡುತ್ತದೆ.

ಆ ಇರುಳು ಗಾಳಿ ಇರಲಿಲ್ಲ. ತೊಳೆದ ನೆಗೆಟಿವಿನಲ್ಲಿ ಬನ್ನಿಯ ಸಣ್ಣ ಟೊಂಗೆಗಳೂ ಮೂಡಿದ್ದವು, ಬದುವಿನ ಹೆಂಟೆಗಳೂ ಮೂಡಿದ್ದವು. ಭೂಮಿಯು 4 ನಿಮಿಷಕ್ಕೊಂದು ಅಂಶದಂತೆ ತಿರುಗುವುದರಿಂದ ನಕ್ಷತ್ರಗಳು 5 ಅಂಶದ ಗೀರುಗಳಾಗಿದ್ದವು. ಬಡಗಣ ದಿಗಂತದ ಮೇಲೆ ಸುಮಾರು 15 ಅಂಶದ ಎತ್ತರದಲ್ಲಿ ಧ್ರುವನು ಮಾತ್ರ ಚುಕ್ಕೆಯಾಗಿಯೇ ಉಳಿದಿದ್ದನು.

ಕೇಳುಗರೆ, ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾ ಇದ್ದರೆ ಬರುವ ಹುಣ್ಣಿವೆಗೆ ಅದನ್ನು ಹೊಲಕ್ಕೆ ಒಯ್ಯಿರಿ. ಒಂದೇ ನೋಟವನ್ನು 10, 20, 40 ನಿಮಿಷಗಳಂತೆ ಮೂರು ಸಲ ತೆಗೆದು, ಒಂದೊಂದರ ವೇಳೆಯನ್ನೂ ಅಲ್ಲಿಯೇ ಬರೆದಿಟ್ಟುಕೊಳ್ಳಿರಿ.